ಶೇ. 20ರ ಪೆಡಿಗ್ರಿ ಚೀಲದ ಹಿಂಬದಿ: ಪ್ರೋಟೀನ್ ಎಷ್ಟಿದೆ, ಅನ್ನ ಬೆರೆಸಿದ ಮೇಲೆ ಎಷ್ಟು ಉಳಿಯುತ್ತದೆ?

ಸಣ್ಣ ಊರಿನ ಕಿರಾಣಿ ಅಂಗಡಿಯಲ್ಲೂ ಈಗ ನಾಯಿ ಆಹಾರದ ಪ್ಯಾಕೆಟ್ ಸಿಗುತ್ತದೆ. ಅದರಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಪೆಡಿಗ್ರಿ. ಹಾಗಾಗಿ ಈ ವಿಮರ್ಶೆಗೆ ಅದನ್ನೇ ಎತ್ತಿಕೊಂಡಿದ್ದೇವೆ: ಬೆಳೆದ ನಾಯಿಗಳ 'ಚಿಕನ್ ಆ್ಯಂಡ್ ವೆಜಿಟೆಬಲ್ಸ್' ಒಣ ಆಹಾರ. ಚೀಲದ ಹಿಂಬದಿಯಲ್ಲಿ ನಾಲ್ಕು ಅಂಕಿಗಳಿವೆ. ಕ್ರೂಡ್ ಪ್ರೋಟೀನ್ ಕನಿಷ್ಠ ಶೇ. 20, ಕೊಬ್ಬು ಕನಿಷ್ಠ ಶೇ. 10, ನಾರು ಗರಿಷ್ಠ ಶೇ. 5, ತೇವಾಂಶ ಗರಿಷ್ಠ ಶೇ. 12. ಮರಿಗಳ 'ಚಿಕನ್ ಆ್ಯಂಡ್ ಮಿಲ್ಕ್' ಚೀಲದಲ್ಲಿ ಪ್ರೋಟೀನ್ ಶೇ. 24. ಕಂಪನಿಗಳು ಆಗಾಗ ಪಾಕ ಬದಲಿಸುತ್ತವೆ, ಆದ್ದರಿಂದ ನಿಮ್ಮ ಕೈಯಲ್ಲಿರುವ ಪ್ಯಾಕೆಟ್‌ನ ಅಂಕಿಯನ್ನೇ ಹಿಡಿದು ಲೆಕ್ಕ ಮಾಡಿ. ವಿಧಾನ ಬದಲಾಗುವುದಿಲ್ಲ, ಯಾವ ಕಂಪನಿಯ ಚೀಲಕ್ಕೂ ನಡೆಯುತ್ತದೆ.

ತೀರ್ಪನ್ನು ಮೊದಲೇ ಹೇಳುತ್ತೇವೆ. ಆರೋಗ್ಯವಾಗಿರುವ ಬೆಳೆದ ನಾಯಿಗೆ ಈ ಆಹಾರ ಸಾಕು, ಆದರೆ ಅದೊಂದನ್ನೇ ಹಾಕಿದರೆ ಮಾತ್ರ. ಇದರಲ್ಲಿ ಪ್ರೋಟೀನ್ ಧಾರಾಳವಾಗಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಮಾಡುವ ಹಾಗೆ ಒಂದು ಹಿಡಿ ಪೆಡಿಗ್ರಿಯನ್ನು ತಟ್ಟೆ ತುಂಬ ಅನ್ನಕ್ಕೆ ಕಲಸಿ ಇಟ್ಟರೆ, ಚೀಲದ ಮೇಲಿನ ಶೇ. 20 ಎಂಬ ಅಂಕಿಗೆ ಬೆಲೆಯೇ ಉಳಿಯುವುದಿಲ್ಲ. ಹೇಗೆ ಅಂತ ಮುಂದೆ ಗ್ರಾಂ ಲೆಕ್ಕದಲ್ಲೇ ತೋರಿಸುತ್ತೇವೆ.

'ಕ್ರೂಡ್' ಅಂದರೆ ಏನು

ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಆಹಾರದಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟ ಸಾರಜನಕ ಅಳೆಯುವ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಪ್ರೋಟೀನ್‌ನಲ್ಲಿ ಸರಾಸರಿ ಶೇ. 16ರಷ್ಟು ಸಾರಜನಕ ಇರುತ್ತದೆ ಎಂಬುದೇ ಆ 6.25ರ ಹಿಂದಿನ ಲೆಕ್ಕ. ಸಾರಜನಕ ಕೋಳಿಯ ಮಾಂಸದಿಂದ ಬಂತೋ, ಸೋಯಾ ಹಿಂಡಿಯಿಂದ ಬಂತೋ, ಪುಕ್ಕದಿಂದ ಬಂತೋ, ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಪುಕ್ಕವೂ ಪ್ರೋಟೀನೇ. ಆದರೆ ಒತ್ತಡದಲ್ಲಿ ಬೇಯಿಸಿ ಒಡೆಯದಿದ್ದರೆ ನಾಯಿಯ ಹೊಟ್ಟೆ ಅದನ್ನು ಅರಗಿಸಲಾರದು.

ಈ ಕುರುಡು ಎಷ್ಟು ದೂರ ಹೋಗಬಲ್ಲದು ಎಂಬುದು 2007ರಲ್ಲಿ ಗೊತ್ತಾಯಿತು. ಆ ವರ್ಷ ಮಾರ್ಚ್‌ನಲ್ಲಿ ಉತ್ತರ ಅಮೆರಿಕದ ಮೆನು ಫುಡ್ಸ್ ಕಂಪನಿ ನಾಯಿ, ಬೆಕ್ಕಿನ ಆಹಾರದ 6 ಕೋಟಿಗೂ ಹೆಚ್ಚು ಡಬ್ಬಿ ಮತ್ತು ಪೌಚ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಚೀನಾದಿಂದ ಬಂದ, ಗೋಧಿಯ ಪ್ರೋಟೀನ್ ಭಾಗವಾದ ಗ್ಲುಟೆನ್‌ಗೆ ಮೆಲಮೈನ್ ಬೆರೆತಿತ್ತು. ಮೆಲಮೈನ್ ಪ್ಲಾಸ್ಟಿಕ್ ಉದ್ಯಮದ ರಾಸಾಯನಿಕ. ಅದರ ತೂಕದ ಮೂರರಲ್ಲಿ ಎರಡು ಪಾಲು ಸಾರಜನಕ, ಅಂದರೆ ಒಂದು ಗ್ರಾಂ ಮೆಲಮೈನ್ ಬೆರೆಸಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗಿಂತ ಹೆಚ್ಚು 'ಪ್ರೋಟೀನ್' ತೋರುತ್ತದೆ. ಅದರ ಜೊತೆಗೆ ಸಯನ್ಯೂರಿಕ್ ಆಮ್ಲವೂ ಸೇರಿದ್ದರಿಂದ ಮೂತ್ರಪಿಂಡದಲ್ಲಿ ಹರಳು ಕಟ್ಟಿ ಎಷ್ಟೋ ನಾಯಿ, ಬೆಕ್ಕುಗಳು ಸತ್ತವು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕ್ರೂಡ್ ಪ್ರೋಟೀನ್ ಅಂಕಿ ಪ್ರಮಾಣವನ್ನು ಹೇಳುತ್ತದೆ, ಗುಣವನ್ನು ಹೇಳುವುದಿಲ್ಲ. ಗುಣ ತಿಳಿಯಬೇಕಾದರೆ ಪದಾರ್ಥಗಳ ಪಟ್ಟಿಗೆ ಹೋಗಬೇಕು.

ಅಂಕಿಯ ಪಕ್ಕದ 'ಮಿನ್', 'ಮ್ಯಾಕ್ಸ್' ಎರಡನ್ನೂ ಗಮನಿಸಿ. ಪ್ರೋಟೀನ್, ಕೊಬ್ಬಿಗೆ ಕನಿಷ್ಠದ ಭರವಸೆ. ನಾರು, ತೇವಾಂಶಕ್ಕೆ ಗರಿಷ್ಠದ ಮಿತಿ. ಒಳಗಿನ ನಿಜವಾದ ಪ್ರೋಟೀನ್ 20 ಇರಬಹುದು, 22 ಇರಬಹುದು. ಯುರೋಪಿನಿಂದ ಬಂದ ಚೀಲಗಳಲ್ಲಿ ಸರಾಸರಿ ಅಂಕಿ ಬರೆಯುವ ರೂಢಿ ಇದೆ. ಒಂದರ ಕನಿಷ್ಠವನ್ನು ಇನ್ನೊಂದರ ಸರಾಸರಿಗೆ ಹೋಲಿಸಿ ಒಂದೆರಡು ಅಂಕದ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ನೀರು ಕಳೆದ ಲೆಕ್ಕ

ಅಂಗಡಿಯಲ್ಲಿ ಬಹಳ ಜನ ಎಡವುವುದು ಇಲ್ಲಿ. ಒಣ ಆಹಾರದ ಚೀಲದಲ್ಲಿ ಶೇ. 20 ಪ್ರೋಟೀನ್, ಪಕ್ಕದ ಗ್ರೇವಿ ಪೌಚ್‌ನಲ್ಲಿ ಶೇ. 8. ನೋಡಿದ ಕೂಡಲೇ ಪೌಚ್ ಸತ್ವವಿಲ್ಲದ್ದು ಅನಿಸುತ್ತದೆ. ಆದರೆ ಪೌಚ್‌ನ ಬಹುಪಾಲು ನೀರು. ಎರಡರಿಂದಲೂ ನೀರನ್ನು ಕಳೆದು ಉಳಿದ ಒಣ ಪದಾರ್ಥದಲ್ಲಿ ಪ್ರೋಟೀನ್ ಎಷ್ಟು ಎಂದು ನೋಡಬೇಕು. ಪ್ರೋಟೀನ್ ಅಂಕಿಯನ್ನು, 100ರಿಂದ ತೇವಾಂಶ ಕಳೆದ ಅಂಕಿಯಿಂದ ಭಾಗಿಸಿ 100ರಿಂದ ಗುಣಿಸಿ. ಪೆಡಿಗ್ರಿ ಚೀಲದಲ್ಲಿ 20 ÷ 88, ಅಂದರೆ ಶೇ. 22.7. ತೇವಾಂಶ ಶೇ. 84, ಪ್ರೋಟೀನ್ ಶೇ. 8 ಎಂದು ಬರೆದಿರುವ ಪೌಚ್‌ನಲ್ಲಿ 8 ÷ 16, ಅಂದರೆ ಶೇ. 50.

ಅಮೆರಿಕದ ಆಫ್ಕೊ (AAFCO) ಎಂಬ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘದ ಪೋಷಕಾಂಶ ಪಟ್ಟಿಯನ್ನು ಭಾರತದ ಬಹಳ ಚೀಲಗಳೂ ಉಲ್ಲೇಖಿಸುತ್ತವೆ. ಅದರ ಪ್ರಕಾರ ನೀರು ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇ. 18 ಪ್ರೋಟೀನ್ ಬೇಕು. ಬೆಳೆಯುವ ಮರಿಗೆ, ಬಸುರಿ ನಾಯಿಗೆ, ಹಾಲೂಡುವ ನಾಯಿಗೆ ಶೇ. 22.5. ಬೆಕ್ಕಿಗೆ ಶೇ. 26, ಬೆಕ್ಕಿನ ಮರಿಗೆ ಶೇ. 30. ಪೆಡಿಗ್ರಿಯ 22.7 ಮೊದಲನೆಯದನ್ನು ನಿರಾಳವಾಗಿ ದಾಟುತ್ತದೆ. ಎರಡನೆಯದನ್ನು ಕೂದಲೆಳೆಯಷ್ಟು ದಾಟಿದಂತೆ ಕಂಡರೂ ಬೆಳೆದ ನಾಯಿಯ ಚೀಲವನ್ನು ಮರಿಗೆ ಹಾಕಬೇಡಿ. ಮರಿಗೆ ಬೇಕಾದ ಕ್ಯಾಲ್ಸಿಯಂ, ರಂಜಕ, ಕೊಬ್ಬಿನ ಕನಿಷ್ಠ ಮಟ್ಟಗಳೇ ಬೇರೆ.

ಆಫ್ಕೊ ಯಾವ ಆಹಾರವನ್ನೂ ಪರೀಕ್ಷಿಸುವುದಿಲ್ಲ, ಯಾವುದಕ್ಕೂ ಪ್ರಮಾಣಪತ್ರ ಕೊಡುವುದಿಲ್ಲ. 'ಆಫ್ಕೊ ಅನುಮೋದಿತ' ಎಂದು ಯಾರಾದರೂ ಹೇಳಿದರೆ ಆ ಮಾತು ತಪ್ಪು. ನೋಡಬೇಕಾದ ವಾಕ್ಯ ಬೇರೆ. ಆಹಾರ 'ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್ಡ್' ಎಂದು ಹೇಳಿದೆಯೇ, ಯಾವ ವಯಸ್ಸಿಗೆ ಎಂದು ಹೇಳಿದೆಯೇ, ಕಾಗದದ ಮೇಲಿನ ಲೆಕ್ಕದಿಂದಲೋ ನಾಯಿಗಳಿಗೆ ತಿನ್ನಿಸಿ ನೋಡಿಯೋ ಎಂದು ಹೇಳಿದೆಯೇ. ಬೆಳೆದ ನಾಯಿಯ ಆಹಾರಕ್ಕೆ ಆಫ್ಕೊ ವಿಧಿಸುವ ತಿನ್ನಿಸುವ ಪರೀಕ್ಷೆಯಲ್ಲಿ ಕನಿಷ್ಠ 8 ನಾಯಿಗಳಿಗೆ 26 ವಾರ ಆ ಆಹಾರವೊಂದನ್ನೇ ಕೊಟ್ಟು ತೂಕ, ರಕ್ತ ಪರೀಕ್ಷಿಸುತ್ತಾರೆ. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಊಟವಲ್ಲ, ಮೇಲೋಗರ. ಬೆಕ್ಕುಗಳು ನೆಕ್ಕಿ ತಿನ್ನುವ ಕೆನೆಯಂಥ ಟ್ಯೂಬ್‌ಗಳಲ್ಲಿ ಬಹಳಷ್ಟು ಈ ಜಾತಿಯವು.

ನಮ್ಮ ದೇಶದಲ್ಲಿ ನಾಯಿ, ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೊ ಅಥವಾ ಬಿಐಎಸ್‌ನ ಐಎಸ್ 11968 ಎಂಬ ಮಾನದಂಡವಿದೆ. ಎಫ್‌ಎಸ್‌ಎಸ್‌ಎಐ ಜಾರಿ ಮಾಡುವ ಆಹಾರ ಸುರಕ್ಷತಾ ಕಾಯ್ದೆ ಮನುಷ್ಯರ ಆಹಾರಕ್ಕೆ ಸಂಬಂಧಿಸಿದ್ದು, ಪ್ರಾಣಿಗಳ ಆಹಾರ ಅದರ ವ್ಯಾಖ್ಯೆಯ ಹೊರಗಿದೆ. ಹಾಗಾಗಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಹುಡುಕುವ ಹಾಗೆ ಇಲ್ಲಿ ಅದರ ಪರವಾನಗಿ ಸಂಖ್ಯೆ ಹುಡುಕಬೇಕಿಲ್ಲ. ನಿವ್ವಳ ತೂಕ, ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ತಯಾರಕರ ಇಲ್ಲವೇ ಆಮದುದಾರರ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ ಇವಂತೂ ಇರಲೇಬೇಕು. ಆಮದಾದ ಚೀಲದ ಮೇಲೆ ಆಮದುದಾರರ ಚೀಟಿಯೇ ಇಲ್ಲದಿದ್ದರೆ ಬಿಟ್ಟು ಬನ್ನಿ.

ಕ್ಯಾಲೊರಿ ಲೆಕ್ಕವೇ ಕೊನೆಯ ಲೆಕ್ಕ

ನೀರು ಕಳೆದರೂ ಹೋಲಿಕೆ ಪೂರ್ತಿಯಾಗುವುದಿಲ್ಲ. ನಾಯಿ ತಿನ್ನುವುದು ತನ್ನ ಶಕ್ತಿಗೆ ಬೇಕಾದಷ್ಟು. ಕೊಬ್ಬು ಹೆಚ್ಚಿರುವ ಆಹಾರವನ್ನು ಕಡಿಮೆ ಹಾಕುತ್ತೀರಿ, ಅದರೊಂದಿಗೆ ಪ್ರೋಟೀನೂ ಕಡಿಮೆಯಾಗುತ್ತದೆ. ಅದಕ್ಕೇ ಪಶು ಆಹಾರ ತಜ್ಞರು ಸಾವಿರ ಕ್ಯಾಲೊರಿಗೆ ಎಷ್ಟು ಗ್ರಾಂ ಪ್ರೋಟೀನ್ ಎಂದು ಕೇಳುತ್ತಾರೆ. (ಕ್ಯಾಲೊರಿ ಎಂದರೆ ಇಲ್ಲಿ ಪ್ಯಾಕೆಟ್ ಮೇಲೆ ಕಿಲೊಕ್ಯಾಲೊರಿ ಎಂದು ಅಚ್ಚಾಗುವುದೇ.) ಆಫ್ಕೊ ಪಟ್ಟಿಯಲ್ಲಿ ಬೆಳೆದ ನಾಯಿಗೆ ಕನಿಷ್ಠ 45 ಗ್ರಾಂ, ಮರಿಗೆ 56.3, ಬೆಕ್ಕಿಗೆ 65, ಬೆಕ್ಕಿನ ಮರಿಗೆ 75.

ಚೀಲದ ಮೇಲೆ ಕ್ಯಾಲೊರಿ ಬರೆದಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹೀಗೆ ಮಾಡಿ. ಮೊದಲು ಪಿಷ್ಟ ಎಷ್ಟಿದೆ ನೋಡಬೇಕು. ಅದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. 100ರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಐದನ್ನೂ ಕಳೆಯಿರಿ. ಬೂದಿ ಎಂದರೆ ಸುಟ್ಟ ಮೇಲೆ ಉಳಿಯುವ ಖನಿಜಾಂಶ. ಅದನ್ನು ಬರೆಯದಿದ್ದರೆ ಒಣ ಆಹಾರಕ್ಕೆ 8 ಎಂದು ಹಿಡಿಯಿರಿ. ಪೆಡಿಗ್ರಿಯಲ್ಲಿ 100 − 20 − 10 − 5 − 12 − 8 = 45. ಅಂದರೆ ಚೀಲದ ಹೆಚ್ಚುಕಡಿಮೆ ಅರ್ಧ ಭಾಗ ಪಿಷ್ಟ. ಇನ್ನು ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿ. 70 + 157.5 + 85, ಅಂದರೆ 100 ಗ್ರಾಂಗೆ ಸುಮಾರು 312 ಕ್ಯಾಲೊರಿ. 20 ಗ್ರಾಂ ಪ್ರೋಟೀನನ್ನು 312ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 64 ಗ್ರಾಂ. ಕನಿಷ್ಠ 45ರ ಎದುರು 64, ಇದು ಒಳ್ಳೆಯ ಅಂಕವೇ. ಮರಿಯ ಶೇ. 24ರ ಚೀಲದಲ್ಲಿ ಉಳಿದ ಮೂರು ಅಂಕಿ ಇವೇ ಆಗಿದ್ದರೆ ಸುಮಾರು 77 ಗ್ರಾಂ ಬರುತ್ತದೆ.

ಈಗ ಇನ್ನೊಂದು ಚೀಲ ತೆಗೆದುಕೊಳ್ಳಿ. ಬೆಲೆ ದುಬಾರಿ, ಮುಂಬದಿಯಲ್ಲಿ ದೊಡ್ಡದಾಗಿ 26, ಹಿಂಬದಿಯಲ್ಲಿ ಕೊಬ್ಬು ಶೇ. 20, ನಾರು 3, ತೇವಾಂಶ 10. ಬೂದಿ 8 ಎಂದು ಹಿಡಿದರೆ ಪಿಷ್ಟ 33. ಕ್ಯಾಲೊರಿ 91 + 170 + 115.5, ಅಂದರೆ 376. ಸಾವಿರ ಕ್ಯಾಲೊರಿಗೆ ಪ್ರೋಟೀನ್ 69 ಗ್ರಾಂ. 20ಕ್ಕಿಂತ 26 ಬಹಳ ಹೆಚ್ಚು ಎಂದು ಕಂಡರೂ ತಟ್ಟೆಯಲ್ಲಿ 64ರ ಎದುರು 69 ಅಷ್ಟೇ. ಕೊಬ್ಬು ಕಡಿಮೆ ಇರುವ ಶೇ. 24ರ ಮರಿ ಚೀಲ ಇದನ್ನೂ ಮೀರಿಸುತ್ತದೆ. ಕೊಬ್ಬು ಹೆಚ್ಚಿರುವುದು ತಪ್ಪೇನಲ್ಲ, ದಿನವಿಡೀ ಓಡುವ ನಾಯಿಗೆ ಅದು ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎರಡು ಹೊತ್ತು ಹದಿನೈದು ನಿಮಿಷ ಸುತ್ತಾಡುವ ಲ್ಯಾಬ್ರಡಾರ್‌ಗೆ ಬೇಡ.

ಬೆಲೆಯನ್ನೂ ಇದೇ ಅಳತೆಯಲ್ಲಿ ನೋಡಿ. ಹತ್ತು ಕಿಲೊ ತೂಗುವ, ಸಂತಾನಹರಣ ಮಾಡಿಸಿದ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಬೇಕು. ಪೆಡಿಗ್ರಿಯಲ್ಲಿ ಅದು 200 ಗ್ರಾಂ, ಮೇಲಿನ ದುಬಾರಿ ಚೀಲದಲ್ಲಿ 168 ಗ್ರಾಂ. ಮೊದಲನೆಯದು ಕಿಲೊಗೆ ₹250, ಎರಡನೆಯದು ₹450 ಎಂದು ಇಟ್ಟುಕೊಂಡರೆ ದಿನದ ಖರ್ಚು ₹50 ಮತ್ತು ₹76. ಕಿಲೊ ಬೆಲೆಯಲ್ಲಿ ಶೇ. 80ರಷ್ಟು ಇದ್ದ ಅಂತರ ದಿನದ ಲೆಕ್ಕದಲ್ಲಿ ಶೇ. 50ರ ಹತ್ತಿರಕ್ಕೆ ಇಳಿಯಿತು. ಇನ್ನು ಅರಗುವುದು ಎಷ್ಟು ಎಂಬುದನ್ನು ಹಿತ್ತಲಲ್ಲೇ ನೋಡಬಹುದು. ಒಂದೇ ನಾಯಿ, ಅಷ್ಟೇ ಕ್ಯಾಲೊರಿ, ಆದರೆ ಹೊಸ ಆಹಾರಕ್ಕೆ ಬದಲಾದ ಮೇಲೆ ಮಲ ಕಡಿಮೆಯಾಗಿ ಗಟ್ಟಿಯಾದರೆ ಹೆಚ್ಚು ಅರಗುತ್ತಿದೆ ಎಂದರ್ಥ. ರಾಶಿ ಮಲ, ಗ್ಯಾಸು, ಮೆತ್ತಗಿನ ಭೇದಿ ಇದ್ದರೆ ಚೀಲದ ಪ್ರೋಟೀನ್ ದೇಹಕ್ಕೆ ಪೂರ್ತಿ ಸೇರುತ್ತಿಲ್ಲ. ಬದಲಾಯಿಸುವಾಗ ಏಳು ದಿನ ತೆಗೆದುಕೊಳ್ಳಿ: ಮೊದಲೆರಡು ದಿನ ಕಾಲು ಭಾಗ ಹೊಸದು, ಮತ್ತೆರಡು ದಿನ ಅರ್ಧ, ಆಮೇಲೆ ಮುಕ್ಕಾಲು. ಒಮ್ಮೆಲೇ ಬದಲಿಸಿ ಭೇದಿಯಾದರೆ ಅದನ್ನು ಆಹಾರದ ತಪ್ಪು ಎನ್ನಲಾಗದು.

ಅನ್ನ ಬೆರೆಸಿದಾಗ ಏನಾಗುತ್ತದೆ

ನಮ್ಮ ಮನೆಗಳ ನಾಯಿಗಳಿಗೆ ಮುಖ್ಯವಾದ ಭಾಗ ಇದು. ಅದೇ ಹತ್ತು ಕಿಲೊ ನಾಯಿ, ಅದೇ 630ರ ಆಸುಪಾಸಿನ ಕ್ಯಾಲೊರಿ. ಆದರೆ 200 ಗ್ರಾಂ ಬದಲು 100 ಗ್ರಾಂ ಪೆಡಿಗ್ರಿ, ಉಳಿದದ್ದು 250 ಗ್ರಾಂ ಅನ್ನ. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 130 ಕ್ಯಾಲೊರಿ, ಪ್ರೋಟೀನ್ ಎರಡೂವರೆ ಗ್ರಾಂ ಚಿಲ್ಲರೆ. ಒಟ್ಟು ಪ್ರೋಟೀನ್ 20 + 6.5 = 26.5 ಗ್ರಾಂ, ಒಟ್ಟು ಕ್ಯಾಲೊರಿ 637. ಸಾವಿರ ಕ್ಯಾಲೊರಿಗೆ 41.6 ಗ್ರಾಂ. 64ರಿಂದ 41.6ಕ್ಕೆ ಇಳಿದು ಕನಿಷ್ಠದ 45ರ ಕೆಳಗೆ ಹೋಯಿತು. ಹಾಲಿಗೆ ಅಷ್ಟೇ ನೀರು ಸೇರಿಸಿ ಲೋಟ ತುಂಬಿದೆ ಎಂದು ನೋಡಿದ ಹಾಗೆ ಇದು. ಮರಿಯ ಚೀಲಕ್ಕೂ ಹೀಗೇ ಮಾಡಿದರೆ 77ರಿಂದ 48ಕ್ಕೆ ಇಳಿಯುತ್ತದೆ, ಅಲ್ಲಿ ಬೇಕಾದದ್ದು 56.3. ಬೆಳೆಯುವ ಮರಿಗೆ ಇದು ನಿಜವಾದ ಕೊರತೆ.

ಪ್ರೋಟೀನ್ ಒಂದೇ ಅಲ್ಲ. ಕಂಪನಿಯವರು ಸತು, ತಾಮ್ರ, ವಿಟಮಿನ್ ಇ, ಕ್ಯಾಲ್ಸಿಯಂ ಎಲ್ಲವನ್ನೂ 200 ಗ್ರಾಂ ತಿನ್ನುತ್ತದೆ ಎಂದು ಲೆಕ್ಕ ಹಾಕಿ ಬೆರೆಸಿರುತ್ತಾರೆ. 100 ಗ್ರಾಂ ಹಾಕಿದರೆ ಅವೂ ಅರ್ಧಕ್ಕೆ ಇಳಿಯುತ್ತವೆ. ಕೂದಲು ಮಂಕಾಗುವುದು, ಉದುರುವುದು, ಚರ್ಮ ಒಣಗಿ ಪುಡಿ ಉದುರುವುದು, ಹೊಟ್ಟೆ ತುಂಬಿದ್ದರೂ ಬೆನ್ನಿನ ಮಾಂಸ ಇಳಿಯುವುದು ಇದರ ಗುರುತುಗಳು. ಉಣ್ಣಿ, ಹುಳು, ಥೈರಾಯ್ಡ್ ತೊಂದರೆಗಳಲ್ಲೂ ಇವೇ ಲಕ್ಷಣ ಕಾಣಬಹುದಾದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ.

ಅನ್ನವನ್ನು ಪೂರ್ತಿ ಬಿಡಿ ಎಂದು ನಾವು ಹೇಳುವುದಿಲ್ಲ. ತಿಂಗಳ ಕೊನೆಯ ಲೆಕ್ಕ ಎಲ್ಲರಿಗೂ ಇದೆ, ನಾಯಿಯೂ ಚೆನ್ನಾಗಿ ಬೆಂದ ಅನ್ನವನ್ನು ಅರಗಿಸಿಕೊಳ್ಳುತ್ತದೆ. ಅಳತೆ ಹಿಡಿದು ಬೆರೆಸಿ. ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗದವರೆಗೆ, ಅಂದರೆ ಈ ನಾಯಿಗೆ 50 ಗ್ರಾಂ ಅನ್ನದವರೆಗೆ, ಯಾವ ಚಿಂತೆಯೂ ಬೇಡ. ಅರ್ಧಕ್ಕರ್ಧ ಹಾಕಲೇಬೇಕಾದರೆ ಅನ್ನ 200 ಗ್ರಾಂಗೆ ಇಳಿಸಿ ಒಂದು ಬೇಯಿಸಿದ ಮೊಟ್ಟೆ ಸೇರಿಸಿ. ಆಗ ಸಾವಿರ ಕ್ಯಾಲೊರಿಗೆ 48 ಗ್ರಾಂ ದಾಟುತ್ತದೆ. ಮೊಟ್ಟೆಯ ಬದಲು ಮೂಳೆ ತೆಗೆದ ಬೇಯಿಸಿದ ಕೋಳಿ 50 ಗ್ರಾಂ ಹಾಕಿ, ಅನ್ನ 190 ಗ್ರಾಂಗೆ ನಿಲ್ಲಿಸಿದರೆ 60ರ ಹತ್ತಿರ ಬರುತ್ತದೆ, ಬರೀ ಪೆಡಿಗ್ರಿಗೆ ಹೆಚ್ಚುಕಡಿಮೆ ಸಮ. ಮೊಸರು ಒಳ್ಳೆಯದೇ, ಆದರೆ 100 ಗ್ರಾಂನಲ್ಲಿ ಮೂರು ಗ್ರಾಂ ಚಿಲ್ಲರೆ ಪ್ರೋಟೀನ್ ಮಾತ್ರ. ಮೊಸರನ್ನ ಹಾಕಿದ್ದೇವೆ, ಪ್ರೋಟೀನ್ ಆಯಿತು ಎಂದುಕೊಳ್ಳಬೇಡಿ. ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಶೇ. 7ರ ಸುತ್ತ. ಮುದ್ದೆಯಾದ ಮೇಲೆ ನೀರು ಸೇರಿ ಅದೂ ಅನ್ನದ ಮಟ್ಟಕ್ಕೇ ಬರುತ್ತದೆ. ಪ್ರೋಟೀನ್, ಖನಿಜ ಎರಡೂ ಸರಿಯಾಗಿರಬೇಕಾದರೆ ಅರ್ಧಕ್ಕರ್ಧ ಪದ್ಧತಿಯನ್ನು ವೈದ್ಯರಿಗೆ ಹೇಳಿ ಖನಿಜ ಮಿಶ್ರಣವನ್ನೂ ಕೇಳಿ ಪಡೆಯಿರಿ. ಸಾಂಬಾರನ್ನ ಮಾತ್ರ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ.

ಪದಾರ್ಥಗಳ ಪಟ್ಟಿ

ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ, ಅದೂ ಬೇಯಿಸುವ ಮೊದಲಿನ ತೂಕ. ಪೆಡಿಗ್ರಿ ಪಟ್ಟಿ ಶುರುವಾಗುವುದು ಧಾನ್ಯ ಮತ್ತು ಧಾನ್ಯದ ಉಪ ಉತ್ಪನ್ನಗಳಿಂದ. ಕೋಳಿ ಆಮೇಲೆ. ಪಿಷ್ಟ 45 ಎಂದು ಮೇಲೆ ಬಂದ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ. ಯಾವ ಧಾನ್ಯ, ಎಷ್ಟು ಎಂದು ಬಿಡಿಸಿ ಹೇಳದೆ ಒಂದೇ ಗುಂಪಿನ ಹೆಸರಿನಲ್ಲಿ ಹೇಳುವುದು ನಮಗೆ ಹಿಡಿಸದ ಸಂಗತಿ. ನಾಯಿಗೆ ಗೋಧಿಯೋ ಜೋಳವೋ ಒಗ್ಗುತ್ತಿಲ್ಲ ಎಂಬ ಅನುಮಾನ ಬಂದಾಗ ಇಂಥ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ.

ಹಾಗೆಂದು 'ಮೊದಲ ಪದಾರ್ಥ ತಾಜಾ ಕೋಳಿ' ಎಂದ ಕೂಡಲೇ ಒಳ್ಳೆಯದು ಎಂದು ನಂಬಬೇಡಿ. ಹಸಿ ಕೋಳಿಯ ತೂಕದಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರು. ಆ ನೀರು ಯಂತ್ರದಲ್ಲಿ ಆರಿದ ಮೇಲೆ ಅದು ಪಟ್ಟಿಯಲ್ಲಿ ಕೆಳಗಿಳಿಯಬೇಕಾದ್ದು. 'ಚಿಕನ್ ಮೀಲ್' ಎಂದರೆ ನೀರು, ಕೊಬ್ಬು ತೆಗೆದು ಪುಡಿ ಮಾಡಿದ ಕೋಳಿ. ಅದರಲ್ಲಿ ಪ್ರೋಟೀನ್ ಶೇ. 65ರ ಸುತ್ತ. ಎರಡನೆಯದೋ ಮೂರನೆಯದೋ ಆಗಿ ಬಂದ ಚಿಕನ್ ಮೀಲ್, ಮೊದಲನೆಯದಾಗಿ ಬಂದ ತಾಜಾ ಕೋಳಿಗಿಂತ ಹೆಚ್ಚು ಪ್ರೋಟೀನ್ ಕೊಟ್ಟಿರಬಹುದು. ಇನ್ನೊಂದು ಉಪಾಯ ಧಾನ್ಯವನ್ನು ಒಡೆದು ಬರೆಯುವುದು. ಮೆಕ್ಕೆಜೋಳ, ಮೆಕ್ಕೆಜೋಳದ ಗ್ಲುಟೆನ್, ಅಕ್ಕಿ, ಅಕ್ಕಿ ತೌಡು ಎಂದು ನಾಲ್ಕು ಕಡೆ ಹಂಚಿದರೆ ಒಂದೊಂದೂ ಕೋಳಿಗಿಂತ ಕೆಳಗೆ ಕೂರುತ್ತದೆ, ಕೂಡಿಸಿ ನೋಡಿದರೆ ಕೋಳಿಯನ್ನು ಮೀರುತ್ತವೆ. ಮೆಕ್ಕೆಜೋಳದ ಗ್ಲುಟೆನ್ ಮೀಲ್‌ನಲ್ಲಿ ಪ್ರೋಟೀನ್ ಶೇ. 60ರ ಹತ್ತಿರ ಇರುವುದರಿಂದ ಒಟ್ಟು ಅಂಕಿಯನ್ನು ಅಗ್ಗದಲ್ಲಿ ಏರಿಸುತ್ತದೆ. ಆದರೆ ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಲೈಸಿನ್, ಟ್ರಿಪ್ಟೊಫಾನ್ ಅದರಲ್ಲಿ ಕಡಿಮೆ. ಸೋಯಾದಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೊನಿನ್ ಕಡಿಮೆ. ಎರಡನ್ನೂ ಹದವಾಗಿ ಸೇರಿಸಿ, ಕೊರತೆ ಇದ್ದ ಅಮೈನೊ ಆಮ್ಲವನ್ನು ಪ್ರತ್ಯೇಕವಾಗಿ ಬೆರೆಸಿದ ಪಾಕ ನಾಯಿಗೆ ನಡೆಯುತ್ತದೆ. ಶಾಕಾಹಾರಿ ನಾಯಿ ಆಹಾರ ನಿಂತಿರುವುದೇ ಇದರ ಮೇಲೆ. ಅಂಥ ಚೀಲ ಕೊಳ್ಳುವವರು ಪಟ್ಟಿಯಲ್ಲಿ ಡಿಎಲ್-ಮೆಥಿಯೊನಿನ್ ಹೆಸರನ್ನು ಹುಡುಕಿ.

'ಬೈ-ಪ್ರಾಡಕ್ಟ್' ಎಂದ ಕೂಡಲೇ ಮುಖ ಸಿಂಡರಿಸಬೇಕಿಲ್ಲ. ಯಕೃತ್ತು, ಗುಂಡಿಗೆ, ಶ್ವಾಸಕೋಶ ಎಲ್ಲ ಅದರಲ್ಲೇ ಬರುತ್ತವೆ. ಎದೆಮಾಂಸಕ್ಕಿಂತ ಯಕೃತ್ತಿನಲ್ಲಿ ವಿಟಮಿನ್ ಎ, ತಾಮ್ರ ಎಷ್ಟೋ ಪಾಲು ಹೆಚ್ಚು. ಗುಣಮಟ್ಟ ಒಂದು ಬ್ಯಾಚ್‌ನಿಂದ ಇನ್ನೊಂದಕ್ಕೆ ಏರುಪೇರಾಗುವುದು ಮಾತ್ರ ನಿಜವಾದ ಆತಂಕ.

ಮುಂಬದಿಯ ಹೆಸರಿಗೂ ಒಂದು ಮಾತು. ಅಮೆರಿಕದ ನಿಯಮದಲ್ಲಿ 'ಚಿಕನ್ ಡಾಗ್ ಫುಡ್' ಎನ್ನಬೇಕಾದರೆ, ಸೇರಿಸಿದ ನೀರನ್ನು ಬಿಟ್ಟು, ಶೇ. 95 ಕೋಳಿ ಇರಬೇಕು. 'ಚಿಕನ್ ಡಿನ್ನರ್' ಎನ್ನಲು ಶೇ. 25 ಸಾಕು, 'ವಿತ್ ಚಿಕನ್' ಎನ್ನಲು ಶೇ. 3 ಸಾಕು, 'ಚಿಕನ್ ಫ್ಲೇವರ್'ಗೆ ರುಚಿ ಗೊತ್ತಾದರೆ ಸಾಕು. ಈ ನಿಯಮ ನಮ್ಮ ದೇಶದಲ್ಲಿ ತಯಾರಾದ ಚೀಲವನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಹೆಸರು, ಚಿತ್ರದ ಕ್ಯಾರೆಟ್ಟು, ಬಟಾಣಿ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಬೆಕ್ಕು ಸಣ್ಣ ನಾಯಿಯಲ್ಲ

ನಾಯಿಗೆ ತಂದದ್ದನ್ನೇ ಬೆಕ್ಕಿಗೂ ಹಾಕುವ ಮನೆಗಳು ಬಹಳ. ದಯವಿಟ್ಟು ನಿಲ್ಲಿಸಿ. ಬೆಕ್ಕಿಗೆ ಟಾರಿನ್ ಎಂಬ ಅಮೈನೊ ಆಮ್ಲ ಆಹಾರದಿಂದಲೇ ಸಿಗಬೇಕು, ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ನಾಯಿಯ ಆಹಾರದಲ್ಲಿ ಅದನ್ನು ಬೆರೆಸಬೇಕೆಂಬ ನಿಯಮವಿಲ್ಲ. ತಿಂಗಳುಗಟ್ಟಲೆ ಟಾರಿನ್ ಸಿಗದಿದ್ದರೆ ಕಣ್ಣಿನ ಅಕ್ಷಿಪಟ ಹಾಳಾಗಿ ದೃಷ್ಟಿ ಹೋಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಹೋದ ದೃಷ್ಟಿ ಹಿಂತಿರುಗುವುದಿಲ್ಲ. ಬೆಕ್ಕಿನ ಚೀಲದ ಪಟ್ಟಿಯಲ್ಲಿ ಟಾರಿನ್ ಇದೆಯೇ ಎಂದು ನೋಡಿ. ಆಫ್ಕೊ ಪಟ್ಟಿಯಲ್ಲಿ ಒಣ ಆಹಾರಕ್ಕೆ ಕನಿಷ್ಠ ಶೇ. 0.1, ಡಬ್ಬಿಯದಕ್ಕೆ ಶೇ. 0.2, ಎರಡೂ ನೀರು ಕಳೆದ ಲೆಕ್ಕದಲ್ಲಿ. ಶೇ. 30 ಪ್ರೋಟೀನ್, ಶೇ. 12 ತೇವಾಂಶದ ಒಣ ಆಹಾರದಲ್ಲಿ ನೀರು ಕಳೆದರೆ ಪ್ರೋಟೀನ್ ಶೇ. 34, ಅದು ಬೆಕ್ಕಿಗೂ ಮರಿಗೂ ಸಾಕು. ಪೌಚ್ ಇನ್ನೂ ಒಳ್ಳೆಯದು, ನೀರು ಕುಡಿಯಲು ಸೋಮಾರಿಯಾದ ಬೆಕ್ಕಿಗೆ ಅದರೊಂದಿಗೇ ನೀರೂ ಹೋಗುತ್ತದೆ. ಆದರೆ ಖರ್ಚು ನೋಡಿಕೊಳ್ಳಿ. 85 ಗ್ರಾಂ ಪೌಚ್‌ನಲ್ಲಿ ಸುಮಾರು 50 ಕ್ಯಾಲೊರಿ. ನಾಲ್ಕು ಕಿಲೊ ಬೆಕ್ಕಿಗೆ ದಿನಕ್ಕೆ 200ರಿಂದ 240 ಕ್ಯಾಲೊರಿ ಬೇಕು, ಅಂದರೆ ನಾಲ್ಕೈದು ಪೌಚ್. ಒಂದು ಪೌಚ್, ಉಳಿದದ್ದು ಒಣ ಆಹಾರ ಎಂಬ ಹಂಚಿಕೆ ಹೆಚ್ಚು ಮನೆಗಳಿಗೆ ಹೊಂದುತ್ತದೆ.

ಹೆಚ್ಚು ಪ್ರೋಟೀನ್ ಯಾರಿಗೆ ಬೇಡ? ಆರೋಗ್ಯವಂತ ನಾಯಿಯ ಮೂತ್ರಪಿಂಡವನ್ನು ಪ್ರೋಟೀನ್ ಹಾಳು ಮಾಡುವುದಿಲ್ಲ. ಕಾಯಿಲೆ ಆಗಲೇ ಇದ್ದರೆ ವೈದ್ಯರು ಮೊದಲು ಇಳಿಸುವುದು ರಂಜಕವನ್ನು, ಅದರೊಂದಿಗೆ ಪ್ರೋಟೀನೂ ಇಳಿಯುತ್ತದೆ. ಏಳೆಂಟು ವರ್ಷ ದಾಟಿದ ನಾಯಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮಟ್ಟ ನೋಡಿ ತೀರ್ಮಾನಿಸಿ. 'ವಯಸ್ಸಾಯಿತು' ಎಂದು ನೀವಾಗಿಯೇ ಪ್ರೋಟೀನ್ ಕಡಿಮೆ ಮಾಡಿದರೆ ಸ್ನಾಯು ಕರಗುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಮರಿಗಳ ಮೂಳೆ ಸೊಟ್ಟಗಾಗಲು ಕಾರಣ ಪ್ರೋಟೀನಲ್ಲ, ಹೆಚ್ಚಾದ ಕ್ಯಾಲ್ಸಿಯಂ ಮತ್ತು ಕ್ಯಾಲೊರಿ. ಅಂಥ ಮರಿಯ ಚೀಲದಲ್ಲಿ ಕ್ಯಾಲ್ಸಿಯಂ ನೀರು ಕಳೆದ ಲೆಕ್ಕದಲ್ಲಿ ಶೇ. 1.8 ಮೀರಬಾರದು. ಪೂರ್ಣ ಆಹಾರ ಹಾಕುತ್ತ ಮೇಲೆ ಕ್ಯಾಲ್ಸಿಯಂ ಸಿರಪ್ ಕುಡಿಸುವ ರೂಢಿ ನಮ್ಮಲ್ಲಿದೆ, ಅದು ಅಪಾಯ. ಮುಧೋಳ ನಾಯಿ ಸಾಕಿದವರಿಗೆ ಒಂದು ಕಿವಿಮಾತು: ಅದರ ಪಕ್ಕೆಲುಬು ಒಂದೆರಡು ಕಾಣುವುದು ಸಹಜ. ಅದನ್ನು ಮುಚ್ಚಿಸಲೆಂದು ಹೆಚ್ಚು ತಿನ್ನಿಸಬೇಡಿ.

ಅಳತೆಗೆ ಲೋಟ ಬೇಡ, ಅಡುಗೆ ಮನೆಯ ತೂಕದ ಯಂತ್ರ ಬಳಸಿ. ಒಂದೇ ಲೋಟದಲ್ಲಿ ಸಣ್ಣ ಕಾಳಿನ ಆಹಾರ ಹೆಚ್ಚು ಹಿಡಿಯುತ್ತದೆ, ದೊಡ್ಡ ಕಾಳಿನದು ಕಡಿಮೆ. ಚೀಲದ ಮೇಲಿನ ಪಟ್ಟಿ ಆರಂಭಕ್ಕೆ ಮಾತ್ರ. ಎರಡು ವಾರಕ್ಕೊಮ್ಮೆ ತೂಕ ನೋಡಿ, ಪಕ್ಕೆಲುಬು ಬೆರಳಿಗೆ ಸುಲಭವಾಗಿ ಸಿಗುವಷ್ಟಕ್ಕೆ ಹೊಂದಿಸಿ.

ಕೊಳ್ಳುವಾಗ ಬಿಡಿಯಾಗಿ ತೂಗಿ ಕೊಡುವ ಆಹಾರ ಬೇಡ. ಕಿಲೊಗೆ ಹತ್ತಿಪ್ಪತ್ತು ರೂಪಾಯಿ ಉಳಿಯಬಹುದು, ಆದರೆ ಲೇಬಲ್ಲೂ ಇಲ್ಲ, ಬ್ಯಾಚ್ ಸಂಖ್ಯೆಯೂ ಇಲ್ಲ, ಚೀಲ ಯಾವಾಗ ಬಿಚ್ಚಿದ್ದೋ ಗೊತ್ತಿಲ್ಲ. ಗಾಳಿ ತಾಗಿದ ಕೊಬ್ಬು ಕೊಳೆತು ಕಮಟು ವಾಸನೆ ಬರುತ್ತದೆ, ವಿಟಮಿನ್ ಇ ಮೊದಲು ನಾಶವಾಗುತ್ತದೆ. ದೊಡ್ಡ ಚೀಲ ಅಗ್ಗ ಎಂದು 20 ಕಿಲೊ ತಂದರೆ ಹತ್ತು ಕಿಲೊ ನಾಯಿಗೆ ಅದು ನೂರು ದಿನ. ಬಿಚ್ಚಿದ ಚೀಲ ನಾಲ್ಕರಿಂದ ಆರು ವಾರದಲ್ಲಿ ಮುಗಿಯುವಂತಿರಬೇಕು, ಈ ನಾಯಿಗೆ ಆರರಿಂದ ಎಂಟು ಕಿಲೊ ಸರಿ. ಬೀದಿಯ ನಾಯಿಗಳಿಗೆ ದಿನವೂ ಹಾಕುವವರಿಗೆ 20 ಕಿಲೊ ಚೀಲವೇ ಲಾಭ, ಬೇಗ ಖಾಲಿಯಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನಷ್ಟು ಎಚ್ಚರ ಬೇಕು. ತೇವ ತಾಗಿದ ಜೋಳದ ಆಹಾರದಲ್ಲಿ ಬೂಷ್ಟು ಬೆಳೆಯುತ್ತದೆ, ಅದರ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ, ಅದು ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಬೂಷ್ಟು ತೆಗೆದು ಬಿಸಿಲಿಗೆ ಒಣಗಿಸಿದರೂ ವಿಷ ಹೋಗುವುದಿಲ್ಲ. ಆಹಾರವನ್ನು ಡಬ್ಬಕ್ಕೆ ಸುರಿಯಬೇಡಿ, ಚೀಲವನ್ನೇ ಬಾಯಿ ಮಡಚಿ ಕ್ಲಿಪ್ ಹಾಕಿ ಬಿಗಿ ಮುಚ್ಚಳದ ಡಬ್ಬದೊಳಗೆ ಇಡಿ. ಡಬ್ಬದ ತಳದಲ್ಲಿ ಹಳೆಯ ಎಣ್ಣೆ ಜಿಡ್ಡು ನಿಂತು ಹೊಸದನ್ನೂ ಕೆಡಿಸುತ್ತದೆ.

ಚೀಲ ಬಿಚ್ಚಿದ ದಿನ ಬ್ಯಾಚ್ ಸಂಖ್ಯೆ, ತಯಾರಿಕೆ ದಿನಾಂಕದ ಫೋಟೊ ತೆಗೆದಿಡಿ. ಗ್ರಾಹಕ ಸೇವೆಗೆ ಇಮೇಲ್ ಬರೆದು ನಾಲ್ಕು ಪ್ರಶ್ನೆ ಕೇಳಿ: 100 ಗ್ರಾಂಗೆ ಕ್ಯಾಲೊರಿ ಎಷ್ಟು, ಬೂದಿ ಎಷ್ಟು, ಕ್ಯಾಲ್ಸಿಯಂ ಮತ್ತು ರಂಜಕ ಎಷ್ಟು, ಪ್ರಾಣಿಮೂಲದ ಪ್ರೋಟೀನ್ ಒಟ್ಟಿನಲ್ಲಿ ಎಷ್ಟು ಪಾಲು. ಮೊದಲ ಮೂರಕ್ಕೆ ಯಾವ ಕಂಪನಿಯೂ ಉತ್ತರ ಕೊಡಬಲ್ಲದು, ಕೊಡಬೇಕು. ತಿಂದ ಮೇಲೆ ನಾಯಿ ಮಂಕಾಗಿ, ವಾಂತಿ ಮಾಡಿ, ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿದರೆ ಆ ಆಹಾರ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಆಹಾರವನ್ನು ಎಸೆಯದೆ ಅರ್ಧ ಕಿಲೊವನ್ನು ಅದೇ ಚೀಲದ ಬ್ಯಾಚ್ ಚೀಟಿಯೊಂದಿಗೆ ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿ ಇಡಿ. ಪ್ರಯೋಗಾಲಯ ಕೇಳುವುದು ಅದನ್ನೇ.